ಮಿಡಿಯುವ ನಕ್ಷತ್ರಗಳು

ಬಾನುಲಿಯನ್ನು ಆಲಿಸುವವರಿಗೆಲ್ಲ ಗೊರಗೊರ ಶಬ್ದದ ಕಾಟವು ಪರಿಚಿತವಾದುದೇ. ಬೀದಿಯ ಮೋಟಾರಿನ ಕಿಡಿಯಿಂದಲೋ, ದೂರದ ಮಿಂಚಿನಿಂದಲೋ ಹುಟ್ಟುವ ಈ ಗದ್ದಲವನ್ನು ಶಪಿಸಿ, ಗುಂಡಿಯನ್ನು ತಿರುಗಿಸಿ, ನಾವು ಸಂಗೀತವನ್ನು ಹುಡುಕುತ್ತೇವೆ. ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಅಭ್ಯಸಿಸುವ ಜ್ಯೋತಿರ್ವಿದರಿಗೂ ಇದೇ ಕಾಟವುಂಟು. ಭೂಮಿಯ ಗದ್ದಲವಾವುದು, ಆಕಾಶದ ವಾರ್ತೆಯಾವುದು ಎಂದು ಬೇರ್ಪಡಿಸುವುದರಲ್ಲಿಯೇ ಅವರ ಅರ್ಧ ಶ್ರಮವು ಮುಗಿಯುವುದು. ೧೯೬೭ರಲ್ಲಿ ಒಬ್ಬ ವಿದ್ಯಾರ್ಥಿನಿಯು ಇಂತಹ ಗದ್ದಲದಂತೆಯೇ ತೋರಿದ ಒಂದು ಗುರುತನ್ನು ಕಡೆಗಣಿಸಲು ಒಪ್ಪಲಿಲ್ಲ. ಅದರ ಫಲವಾಗಿ, ಅಲ್ಲಿಯವರೆಗೆ ಕೇವಲ ಕಾಗದದ ಮೇಲಿನ ಲೆಕ್ಕವಾಗಿದ್ದ ಒಂದು ಬಗೆಯ ನಕ್ಷತ್ರವು ಪ್ರತ್ಯಕ್ಷವಾಯಿತು.

ಆಕೆಯ ಹೆಸರು ಜಾಸ್ಲಿನ್ ಬೆಲ್. ಊರು ಉತ್ತರ ಐರ್ಲೆಂಡು. ವಯಸ್ಸು ಆಗ ಇಪ್ಪತ್ತನಾಲ್ಕು. ಕೇಂಬ್ರಿಡ್ಜಿನಲ್ಲಿ ಆಂಟನಿ ಹ್ಯೂಯಿಷ್ ಎಂಬ ವಿದ್ವಾಂಸರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದರು. ಸುಮಾರು ನಾಲ್ಕೂವರೆ ಎಕರೆ ಬಯಲಿನಲ್ಲಿ ಎರಡು ಸಾವಿರಕ್ಕೂ ಮಿಗಿಲಾದ ಏರಿಯಲ್‌ಗಳನ್ನು ತಂತಿಗಳಿಂದ ಜೋಡಿಸಿ ಕಟ್ಟಿದ ದೂರದರ್ಶಕವದು. ಕಂಬ ನೆಡುವ ಸುತ್ತಿಗೆಯ ಕೆಲಸದಲ್ಲಿ ಕುಮಾರಿ ಬೆಲ್ ಅವರೂ ಪಾಲುಗೊಂಡಿದ್ದರು. ಬಂದ ಅಲೆಗಳನ್ನು ಒಂದು ಲೇಖನಿಯು ಕಾಗದದ ಸುರುಳಿಯ ಮೇಲೆ ದಿನಕ್ಕೆ ಸುಮಾರು ನೂರು ಅಡಿಯಂತೆ ಗೀಚುತ್ತಿತ್ತು. ಅದೆಲ್ಲವನ್ನೂ ಕಣ್ಣಿನಿಂದಲೇ ನೋಡಿ ಅರ್ಥಮಾಡಬೇಕು. ಆಗಸ್ಟ್ ತಿಂಗಳಿನ ಸುರುಳಿಯಲ್ಲಿ ಒಂದು ಅಂಗುಲವೂ ಇಲ್ಲದ ಒಂದು ಚಿಂದಿಯಂತಹ ಗುರುತು ಅವರ ಗಮನಕ್ಕೆ ಬಂದಿತು. ಅದು ತಾವು ಹುಡುಕುತ್ತಿದ್ದ ಬಗೆಯದೂ ಅಲ್ಲ, ಮಾಮೂಲು ಗದ್ದಲವೂ ಅಲ್ಲ. ಇಂತಹುದನ್ನು ಇದೇ ಆಕಾಶಭಾಗದಲ್ಲಿ ಹಿಂದೆಯೂ ಕಂಡಂತಿದೆಯಲ್ಲ ಎಂದು ಅವರಿಗೆ ನೆನಪಾಯಿತು.

ನಕ್ಷತ್ರಗಳು ದಿನದಿನಕ್ಕೆ ಸುಮಾರು ನಾಲ್ಕು ನಿಮಿಷ ಮುಂಚಿತವಾಗಿ ಉದಯಿಸುವುವೆಂಬುದು ಪಂಚಾಂಗ ಬಲ್ಲವರಿಗೆ ತಿಳಿದ ಸಂಗತಿ. ಮನುಷ್ಯನ ಯಂತ್ರಗಳಾದರೋ ಗಡಿಯಾರದಂತೆ ನಡೆಯುವುವು. ಈ ಗುರುತು ನಕ್ಷತ್ರಗಳ ಕಾಲಮಾನವನ್ನೇ ಅನುಸರಿಸುತ್ತಿತ್ತು. ಆದುದರಿಂದ ಅದರ ಮೂಲವು ಆಕಾಶದಲ್ಲಿಯೇ ಇದ್ದಿತು. ನವೆಂಬರ್ ೨೮ರಂದು ಕಾಗದವನ್ನು ವೇಗವಾಗಿ ಓಡಿಸಿ ನೋಡಲಾಗಿ, ಆ ಚಿಂದಿಯು ಬಿಡಿಬಿಡಿಯಾದ ಮಿಡಿತಗಳಾಗಿ ಒಡೆಯಿತು. ಒಂದು ಮಿಡಿತಕ್ಕೂ ಮತ್ತೊಂದಕ್ಕೂ ನಡುವೆ ೧.೩೩೭ ಸೆಕೆಂಡು, ಅದರಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಇಷ್ಟು ಕ್ರಮವಾಗಿ ಮಿಡಿಯುವುದನ್ನು ಕಂಡವರಿಗೆ, ಯಾರೋ ಬುದ್ಧಿಯುಳ್ಳ ಜೀವಿಗಳು ಸಂಜ್ಞೆ ಮಾಡುತ್ತಿರಬಹುದೇ ಎಂಬ ಶಂಕೆ ಬಂದುದು ಸಹಜವೇ. ಅವರು ಅದಕ್ಕೆ ಅರ್ಧ ವಿನೋದವಾಗಿ ‘ಚಿಕ್ಕ ಹಸುರು ಮನುಷ್ಯರು’ ಎಂದು ಹೆಸರಿಟ್ಟರು. ಆದರೆ ಅಂತಹ ಜೀವಿಗಳು ಯಾವುದಾದರೂ ಗ್ರಹದ ಮೇಲಿರಬೇಕು. ಗ್ರಹವು ತನ್ನ ಸೂರ್ಯನನ್ನು ಸುತ್ತುತ್ತ ನಮಗೆ ಹತ್ತಿರವಾಗಿಯೂ ದೂರವಾಗಿಯೂ ಚಲಿಸುವಾಗ ಮಿಡಿತಗಳ ಅಂತರವು ಕಿರಿದಾಗಿ ಹಿರಿದಾಗಬೇಕು. ನಮ್ಮ ಭೂಮಿಯ ಚಲನೆಯಿಂದಾಗುವ ವ್ಯತ್ಯಾಸದ ಹೊರತು ಬೇರೊಂದು ಕಾಣಲಿಲ್ಲ. ಡಿಸೆಂಬರ್ ತಿಂಗಳಲ್ಲಿ ಕುಮಾರಿ ಬೆಲ್ ಅವರೇ ಆಕಾಶದ ಮತ್ತೊಂದು ಭಾಗದಲ್ಲಿ ಎರಡನೆಯದನ್ನು ಕಂಡುಹಿಡಿದರು. ಎರಡು ಕಡೆಯ ಜೀವಿಗಳು ಏಕಕಾಲದಲ್ಲಿ ನಮ್ಮನ್ನೇ ಕುರಿತು ಕೂಗುವುದುಂಟೇ? ಅಲ್ಲಿಗೆ ಆ ಶಂಕೆ ಮುಗಿಯಿತು. ೧೯೬೮ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ವಾರ್ತೆಯು ಪ್ರಕಟವಾಯಿತು. ಈ ವಸ್ತುಗಳಿಗೆ ಪಲ್ಸಾರ್ ಎಂಬ ಹೆಸರು ಬಂದಿತು.

ಕೇವಲ ಟಿಕ್ ಟಿಕ್ ಎಂಬ ಮಿಡಿತದಿಂದ ಆ ವಸ್ತುವಿನ ಸ್ವರೂಪವನ್ನು ತಿಳಿಯುವುದು ಹೇಗೆ? ನಮ್ಮ ಮಟ್ಟಿಗೆ ಈ ಕಥೆಯಲ್ಲಿ ಅತ್ಯಂತ ರುಚಿಕರವಾದ ಭಾಗವು ಇದೇ. ಒಂದು ಮೈಲಿ ಉದ್ದದ ಸಿಪಾಯಿಗಳ ಸಾಲು ಒಂದೇ ಕ್ಷಣದಲ್ಲಿ ತುಪಾಕಿ ಹಾರಿಸಿತೆನ್ನೋಣ. ಸಾಲಿನ ಒಂದು ತುದಿಯಲ್ಲಿ ನಿಂತವನಿಗೆ ಕೇಳುವುದು ಒಂದೇ ಸಿಡಿತವಲ್ಲ, ಸುಮಾರು ಐದು ಸೆಕೆಂಡು ಎಳೆಯುವ ಮೊಳಗು. ದೂರದ ತುಪಾಕಿಯ ಶಬ್ದವು ತಡವಾಗಿ ಮುಟ್ಟುವುದಷ್ಟೆ. ಹಾಗೆಯೇ ದೊಡ್ಡ ವಸ್ತುವೊಂದು ಒಮ್ಮೆಲೇ ಹೊಳೆದರೂ ನಮಗೆ ಅದು ನೀಳವಾದ ಹೊಳಪಾಗಿಯೇ ತೋರಬೇಕು. ಈ ಮಿಡಿತವು ೦.೦೧೬ ಸೆಕೆಂಡಿನಷ್ಟು ಮೊಟಕಾಗಿದ್ದಿತು. ಅಷ್ಟರಲ್ಲಿ ಬೆಳಕು ಸುಮಾರು ೪,೮೦೦ ಕಿಲೋಮೀಟರು ಮಾತ್ರ ಓಡಬಲ್ಲುದು. ಎಂದರೆ ಅಲೆಗಳನ್ನು ಸೂಸುವ ನೆಲೆಯು ನಮ್ಮ ಭೂಮಿಗಿಂತಲೂ ಕಿರಿದು!

ಇಷ್ಟು ಕಿರಿಯ ನಕ್ಷತ್ರವಿರಬಹುದೆಂಬ ಯೋಚನೆ ಹಳೆಯದೇ. ೧೯೩೦ರಲ್ಲಿ ಹತ್ತೊಂಬತ್ತು ವರ್ಷದ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರು ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿರುವಾಗ ಒಂದು ಲೆಕ್ಕ ಹಾಕಿದರು. ಉರುವಲು ಮುಗಿದ ನಕ್ಷತ್ರವು ಕುಗ್ಗಿ, ಭೂಮಿಯ ಗಾತ್ರದ ಶ್ವೇತಕುಬ್ಜವಾಗಿ ನಿಲ್ಲುವುದುಂಟು. ಆದರೆ ಅದರ ತೂಕವು ಒಂದು ಮಿತಿಯನ್ನು ಮೀರಿದರೆ ಆ ಸ್ಥಿತಿಯಲ್ಲಿಯೂ ನಿಲ್ಲಲಾರದು, ಮತ್ತೂ ಕುಸಿಯುವುದು. ಆ ಮಿತಿಯು ಸೂರ್ಯನ ತೂಕದ ಸುಮಾರು ೧.೪ರಷ್ಟೆಂಬುದು ಇಂದು ಸ್ಥಿರಪಟ್ಟಿದೆ. ೧೯೩೫ರಲ್ಲಿ ಎಡಿಂಗ್‌ಟನ್‌ರಂತಹ ಹಿರಿಯರು ಇದನ್ನು ತುಂಬಿದ ಸಭೆಯಲ್ಲಿ ಅಲ್ಲಗಳೆದರು. ೧೯೩೨ರಲ್ಲಿ ಚಾಡ್ವಿಕ್ ನ್ಯೂಟ್ರಾನನ್ನು ಕಂಡುಹಿಡಿದ ಎರಡೇ ವರ್ಷಗಳಲ್ಲಿ ಬಾಡೆ ಮತ್ತು ಜ್ವಿಕಿ ಎಂಬಿಬ್ಬರು, ಸೂಪರ್‌ನೋವಾ ಎಂಬ ಮಹಾಸ್ಫೋಟದಲ್ಲಿ ನಕ್ಷತ್ರದ ತಿರುಳು ಕುಸಿದು ಕೇವಲ ನ್ಯೂಟ್ರಾನುಗಳ ಉಂಡೆಯಾಗಿ ಉಳಿಯಬಹುದೆಂದು ಬರೆದರು. ಸೂರ್ಯನಿಗಿಂತ ಭಾರವಾದ ಆ ಉಂಡೆಯ ಅಡ್ಡಳತೆಯು ೨೦-೨೫ ಕಿಲೋಮೀಟರು, ಎಂದರೆ ಒಳ್ಳೆಯ ನಡಿಗೆಯವನು ಒಂದು ದಿನದಲ್ಲಿ ನಡೆದು ಮುಗಿಸುವ ದಾರಿ. ಅದರ ದ್ರವ್ಯವು ಒಂದು ಸಾಸಿವೆಕಾಳಿನಷ್ಟಿದ್ದರೂ ಲಕ್ಷಾಂತರ ಟನ್ ತೂಗುವುದು. ಇಂತಹುದನ್ನು ಯಾರು ತಾನೇ ಕಾಣಬಲ್ಲರೆಂದು ಜ್ಯೋತಿರ್ವಿದರಲ್ಲಿ ಬಹುಮಂದಿ ಅದನ್ನು ಮರೆತೇಬಿಟ್ಟಿದ್ದರು.

ಶ್ವೇತಕುಬ್ಜವೋ, ನ್ಯೂಟ್ರಾನ್ ನಕ್ಷತ್ರವೋ ಎಂಬ ವ್ಯಾಜ್ಯವನ್ನು ತೀರ್ಮಾನಿಸಿದುದು ಏಡಿ ನೀಹಾರಿಕೆ. ೧೦೫೪ರಲ್ಲಿ ಚೀನಾ ದೇಶದವರು ಹಗಲಿನಲ್ಲಿಯೂ ಕಂಡು ಬರೆದಿಟ್ಟ ‘ಅತಿಥಿ ನಕ್ಷತ್ರ’ದ ಅವಶೇಷವದು. ಅದರ ನಡುವೆ ೧೯೬೮ರ ಕೊನೆಯಲ್ಲಿ ಸೆಕೆಂಡಿಗೆ ಮೂವತ್ತು ಬಾರಿ ಮಿಡಿಯುವ ಪಲ್ಸಾರ್ ಸಿಕ್ಕಿತು. ಕುಂಬಾರನ ತಿಗರಿಯನ್ನು ಮಿತಿಮೀರಿ ತಿರುಗಿಸಿದರೆ ಮಣ್ಣು ಚದರಿ ಹಾರುವುದಲ್ಲವೇ? ಶ್ವೇತಕುಬ್ಜವು ಅಷ್ಟು ಬಿರುಸಾಗಿ ತಿರುಗಿದರೆ ಚೂರುಚೂರಾಗುವುದು. ನ್ಯೂಟ್ರಾನ್ ನಕ್ಷತ್ರವೊಂದೇ ತನ್ನ ಆಕರ್ಷಣೆಯಿಂದ ಅದನ್ನು ತಾಳಿಕೊಳ್ಳಬಲ್ಲುದು. ಮರುವರ್ಷ ನೋಡಲಾಗಿ ಅದರ ಬೆಳಕೂ ಹಾಗೆಯೇ ಮಿನುಗುತ್ತಿದ್ದಿತು. ಅದು ಹೊಸ ನಕ್ಷತ್ರವೇನೂ ಅಲ್ಲ. ಬಹುಕಾಲದಿಂದ ಛಾಯಾಚಿತ್ರಗಳಲ್ಲಿ ಇದ್ದುದೇ. ಬಾಡೆಯವರು ತಮ್ಮ ಸಹೋದ್ಯೋಗಿ ಮಿಂಕೋವ್ಸ್ಕಿಯವರೊಡನೆ ೧೯೪೨ರಲ್ಲಿ, ಸ್ಫೋಟದ ಉಳಿಕೆ ಇದೇ ಇರಬೇಕೆಂದು ಬೆರಳಿಟ್ಟು ತೋರಿಸಿದ್ದರು. ಅವರ ಊಹೆ ನಿಜವಾದಾಗ ಅವರು ಗತಿಸಿ ಎಂಟು ವರ್ಷಗಳು ಕಳೆದಿದ್ದುವು.

ಇನ್ನೂ ಒಂದು ಸಾಕ್ಷ್ಯವುಂಟು. ಆ ಮಿಡಿತದ ಅಂತರವು ದಿನದಿನಕ್ಕೆ ಬೆಳೆಯುತ್ತಿದೆ. ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಸುಮಾರು ೩೬ ಭಾಗದಷ್ಟು. ನಕ್ಷತ್ರದ ತಿರುಗುವಿಕೆ ಇಷ್ಟು ನಿಧಾನವಾಗುವುದರಿಂದ ಹೊರಬೀಳುವ ಶಕ್ತಿಯು ಲಕ್ಷ ಸೂರ್ಯರ ಪ್ರಕಾಶಕ್ಕೆ ಸಮ. ನೀಹಾರಿಕೆಯು ಒಂಬತ್ತು ಶತಮಾನ ಕಳೆದರೂ ಆರದೆ ಬೆಳಗಲು ಬೇಕಾದ ಶಕ್ತಿಯೂ ಅದೇ ಪ್ರಮಾಣದ್ದು. ಜಮಾಖರ್ಚು ಸರಿಹೊಂದಿತು.

೧೯೭೪ರ ನೊಬೆಲ್ ಬಹುಮಾನವು ಹ್ಯೂಯಿಷ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಸಂದಿತು. ಬೆಲ್ ಅವರ ಹೆಸರು ಅದರಲ್ಲಿರಲಿಲ್ಲ. ಫ್ರೆಡ್ ಹಾಯ್ಲ್ ಅವರು ಬಹಿರಂಗವಾಗಿಯೇ ಆಕ್ಷೇಪಿಸಿದರು. ಯಂತ್ರವನ್ನು ಯೋಜಿಸಿದವರ ಹಿರಿಮೆಯನ್ನು ನಾವು ಕಿರಿದೆನ್ನುವುದಿಲ್ಲ. ಆದರೆ ನೂರಾರು ಅಡಿ ಕಾಗದದಲ್ಲಿ ಅಂಗುಲವಿಲ್ಲದ ಗುರುತನ್ನು ಹಿಡಿದು ಬೆನ್ನುಹತ್ತಿದ ಕಣ್ಣನ್ನು ಬಿಟ್ಟು ಈ ಶೋಧವನ್ನು ಹೇಳಲು ನಮಗೆ ಸಾಧ್ಯವಾಗದು. ೨೦೧೮ರಲ್ಲಿ ಅವರಿಗೆ ಮೂವತ್ತು ಲಕ್ಷ ಡಾಲರುಗಳ ಬೇರೊಂದು ಬಹುಮಾನ ಬಂದಾಗ, ಅಷ್ಟನ್ನೂ ಅವಕಾಶ ವಂಚಿತರಾದ ಭೌತಶಾಸ್ತ್ರ ವಿದ್ಯಾರ್ಥಿಗಳ ವೇತನಕ್ಕೆ ಬಿಟ್ಟುಕೊಟ್ಟರು.

ತಿರುಗುವ ಗೋಲವು ಮಿಡಿಯುವಂತೆ ತೋರುವುದೇಕೆಂಬುದಕ್ಕೆ ಕಡಲತೀರದ ದೀಪಸ್ತಂಭವೇ ಉತ್ತರ. ದೀಪ ಆರುವುದಿಲ್ಲ, ಅದರ ಕಿರಣವು ನಮ್ಮತ್ತ ತಿರುಗಿದಾಗ ಮಾತ್ರ ಕಾಣುವುದು. ಆ ಕಿರಣವು ಗೋಲದ ಅಯಸ್ಕಾಂತಧ್ರುವದಿಂದ ಹೊರಡುವುದೆಂಬುದಕ್ಕೆ ಬಲವಾದ ಆಧಾರವನ್ನು ಒದಗಿಸಿದವರು ಸರ್ ಸಿ. ವಿ. ರಾಮನ್ ಅವರ ಪುತ್ರ ವಿ. ರಾಧಾಕೃಷ್ಣನ್. ೧೯೬೯ರಲ್ಲಿ ಆಸ್ಟ್ರೇಲಿಯಾದ ಪಾರ್ಕ್ಸ್ ದೂರದರ್ಶಕದಿಂದ ಅವರೂ ಕುಕ್ ಎಂಬವರೂ ವೇಲಾ ಪಲ್ಸಾರನ್ನು ನೋಡಿದರು. ಗೋಡೆಗೆ ಕಟ್ಟಿದ ಹಗ್ಗವನ್ನು ಮೇಲೆ ಕೆಳಗೂ ಅಲುಗಿಸಬಹುದು, ಅಡ್ಡಡ್ಡಲೂ ಅಲುಗಿಸಬಹುದು. ರೇಡಿಯೋ ಅಲೆಯೂ ಹಾಗೆಯೇ. ಒಂದೊಂದು ಮಿಡಿತದೊಳಗೂ ಈ ಅಲುಗಾಟದ ದಿಕ್ಕು ನಯವಾಗಿ ಹೊರಳುತ್ತಿದ್ದಿತು. ಧ್ರುವವೊಂದು ನಮ್ಮ ಕಣ್ಣೆದುರು ಹಾದುಹೋದರೆ ಹೇಗಾಗಬೇಕೋ ಹಾಗೆಯೇ. ಅದೇ ವರ್ಷ ಅವರೂ ಮ್ಯಾಂಚೆಸ್ಟರ್ ಎಂಬವರೂ ಮತ್ತೊಂದು ಸೋಜಿಗವನ್ನು ಕಂಡರು. ಸದಾ ನಿಧಾನವಾಗುತ್ತಿದ್ದ ವೇಲಾ ಇದ್ದಕ್ಕಿದ್ದಂತೆ ಚುರುಕಾಯಿತು. ವ್ಯತ್ಯಾಸವು ಸೆಕೆಂಡಿನ ಕೋಟಿ ಭಾಗಗಳಲ್ಲಿ ಎರಡು ಭಾಗ ಮಾತ್ರ. ಗಟ್ಟಿಯಾದ ತೊಗಟೆಯೊಳಗೆ ತಡೆಯಿಲ್ಲದೆ ಹರಿಯುವ ನ್ಯೂಟ್ರಾನುಗಳ ದ್ರವವು ತನ್ನ ವೇಗವನ್ನು ಒಮ್ಮೊಮ್ಮೆ ತೊಗಟೆಗೆ ಹಂಚುವುದೇ ಇದಕ್ಕೆ ಕಾರಣವೆಂದು ಹಲವರ ಅಭಿಪ್ರಾಯ. ರಾಧಾಕೃಷ್ಣನ್ ಅವರು ೧೯೭೨ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನ ಸಂಸ್ಥೆಯ ನಿರ್ದೇಶಕರಾಗಿ ಬಂದರು. ಗೌರೀಬಿದನೂರಿನ ಬಯಲಿನಲ್ಲಿ ನಿಲ್ಲಿಸಿದ ಏರಿಯಲ್ ಸಾಲುಗಳಿಂದಲೂ ಮುಂದೆ ಪಲ್ಸಾರುಗಳನ್ನು ಆಲಿಸಿದುದುಂಟು.

೧೯೮೨ರಲ್ಲಿ ಡೊನಾಲ್ಡ್ ಬ್ಯಾಕರ್ ಮತ್ತು ಅವರ ಸಂಗಡಿಗರು ಸೆಕೆಂಡಿಗೆ ೬೪೨ ಬಾರಿ ತಿರುಗುವ ಪಲ್ಸಾರನ್ನು ಕಂಡರು. ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿಯವರು ಆ ಸಂಗಡಿಗರಲ್ಲಿ ಒಬ್ಬರು, ಆಗಿನ್ನೂ ವಿದ್ಯಾರ್ಥಿ. ಅದು ಮುದಿ ನಕ್ಷತ್ರವೇ. ಜೊತೆಯಲ್ಲಿದ್ದ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಂಡು ಮರಳಿ ವೇಗ ಪಡೆದುದೆಂದು ವಿದ್ವಾಂಸರು ಹೇಳುವರು. ವಿಚಿತ್ರವೆಂದರೆ, ಬೆಲ್ ಅವರ ಮೊದಲನೆಯ ಪಲ್ಸಾರ್ ಇರುವ ನಕ್ಷತ್ರಪುಂಜದಲ್ಲಿಯೇ ಅದೂ ಇದೆ. ಈ ಮಿಡಿತಗಳನ್ನು ಧ್ವನಿವರ್ಧಕಕ್ಕೆ ಕೊಟ್ಟರೆ ನಮ್ಮ ಕಿವಿಗೂ ಕೇಳುವುವು. ಮೊದಲನೆಯದು ಬಾಗಿಲನ್ನು ತಾಳ್ಮೆಯಿಂದ ತಟ್ಟುವ ಸದ್ದು. ವೇಲಾ ಸೆಕೆಂಡಿಗೆ ಹನ್ನೊಂದರಂತೆ ಗಡಗಡಿಸುವುದು. ಏಡಿ ನೀಹಾರಿಕೆಯದು ಮಂದ್ರವಾದ ಗುಂಯ್‌ಗುಡಿತ. ೧೯೮೨ರದಾದರೋ ಬಡಿತವೇ ಅಲ್ಲ, ಗಾಯಕಿಯೊಬ್ಬರ ತಾರಸ್ಥಾಯಿಯ ಪಂಚಮದ ಆಸುಪಾಸಿನಲ್ಲಿ ನಿಲ್ಲುವ ಒಂದು ಶುದ್ಧವಾದ ಸ್ವರ.