ಬೆವರು ಸುರಿಸಿದರೆ ಬಾಡಿಗೆ ದುಡ್ಡು!

"ಪುಕ್ಕಟೆ ಅಕ್ಕಿ ಕೊಟ್ಟು ಜನಾನ ಸೋಮಾರಿ ಮಾಡಿಬಿಟ್ರು ಕಣ್ರೀ!"

ಹೋಟೆಲಿನ ಬೆಂಚಿನ ಮೇಲೆ ಕೂತು ಬೈಟು ಕಾಫಿ ಹೀರುತ್ತಾ ಈ ಮಾತು ಆಡದವರು ಕಡಿಮೆ. 2013ರ ಜುಲೈನಲ್ಲಿ ಅನ್ನಭಾಗ್ಯ ಶುರುವಾದಾಗ ಎದ್ದ ಮಾತು ಇದು; ಇನ್ನೂ ಕೂತಿಲ್ಲ. ಮಾತು ಬೆಳೆದರೆ ಕೊನೆಗೆ ಬರುವ ತೀರ್ಪೂ ಒಂದೇ: "ಮೊದ್ಲು ಮೈ ಬಗ್ಗಿಸ್ಲಿ, ಆಮೇಲೆ ಕೊಡ್ಲಿ."

ತಮಾಷೆಯೆಂದರೆ, ಅದೇ 2013ರ ಜನವರಿಯಲ್ಲಿ ಲಂಡನ್ನಿನ ಒಂದು ಸ್ಥಳೀಯ ಸಂಸ್ಥೆ ಹೆಚ್ಚುಕಡಿಮೆ ಇದೇ ಮಾತನ್ನು ವರದಿಯಾಗಿ ಅಚ್ಚು ಹಾಕಿಸಿತ್ತು. ಅಲ್ಲಿ ವಿಷಯ ಸೋಮಾರಿತನವಲ್ಲ, ಬೊಜ್ಜು.

ಕಾರ್ಡು ಉಜ್ಜು, ದುಡ್ಡು ತಗೋ

ಬ್ರಿಟನ್ನಿನ ಪಾರ್ಲಿಮೆಂಟು, ಬಕಿಂಗ್‌ಹ್ಯಾಮ್ ಅರಮನೆ ಎರಡೂ ಇರುವುದು ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲ್ಲಿನ ಸರಹದ್ದಿನಲ್ಲಿ. ಆ ಕೌನ್ಸಿಲ್ಲು ಒಂದು ಅಧ್ಯಯನ ಸಂಸ್ಥೆಯ ಜತೆಗೂಡಿ ಕೊಟ್ಟ ಸಲಹೆಯ ಸಾರ ಇಷ್ಟು: ಡಾಕ್ಟರು ಮಾತ್ರೆ ಬರೆದುಕೊಡುವ ಹಾಗೆ ಬೊಜ್ಜಿನವರಿಗೆ ಈಜು, ವ್ಯಾಯಾಮ ಬರೆದುಕೊಡಲಿ. ಅವರು ಹೋದರೋ ಬಿಟ್ಟರೋ ಎಂಬುದನ್ನು ವ್ಯಾಯಾಮ ಕೇಂದ್ರದ ಸ್ಮಾರ್ಟ್ ಕಾರ್ಡು ಹೇಳುತ್ತದೆ. ಅದನ್ನು ನೋಡಿಕೊಂಡು ಮನೆಬಾಡಿಗೆ ನೆರವು, ಕೌನ್ಸಿಲ್ ತೆರಿಗೆಯ ರಿಯಾಯಿತಿ ಹೆಚ್ಚುಕಡಿಮೆ ಮಾಡಬಹುದು.

ಇಂಥ ಯೋಚನೆ ಆಗಲೇ ಯಾಕೆ ಬಂತು? ಕಾರಣ ಇತ್ತು. 2013ರ ಏಪ್ರಿಲ್‌ನಿಂದ ಸಾರ್ವಜನಿಕ ಆರೋಗ್ಯದ ಹೊಣೆ ಇಂಗ್ಲೆಂಡಿನ ಕೌನ್ಸಿಲ್ಲುಗಳ ಹೆಗಲಿಗೆ ಬಿತ್ತು. ಬಡವರಿಗೆ ಕೊಡುವ ಕೌನ್ಸಿಲ್ ತೆರಿಗೆ ರಿಯಾಯಿತಿಯ ಲೆಕ್ಕವೂ ಅವುಗಳ ಕೈಗೇ ಬಂತು. ಆದರೆ ಅದಕ್ಕೆ ಬರುವ ಹಣದಲ್ಲಿ ನೂರಕ್ಕೆ ಹತ್ತು ಕಡಿತ. ಇನ್ನೊಂದು ಕಡೆ, ಬೊಜ್ಜಿನಿಂದ ಸರ್ಕಾರಿ ಆರೋಗ್ಯ ಸೇವೆಗೆ ವರ್ಷಕ್ಕೆ 510 ಕೋಟಿ ಪೌಂಡು ಖರ್ಚು ಎಂಬ ಅಂದಾಜು. ಕೆಲಸ ಜಾಸ್ತಿ, ಕಾಸು ಕಮ್ಮಿ. ಸ್ಥಳೀಯ ಸಂಸ್ಥೆಗಳ ಈ ಗೋಳು ಎಲ್ಲಾ ಊರಿನವರಿಗೂ ಗೊತ್ತಿದ್ದದ್ದೇ.

"ಇದು ಶಿಕ್ಷೆಯಲ್ಲ, ಬಹುಮಾನ" ಎಂಬುದು ಪರ ನಿಂತವರ ವಾದ. ಆದರೆ ಗಡಿಗೆಯಲ್ಲಿ ಇರೋದೇ ಅಷ್ಟು ಅನ್ನವಾದಾಗ, ಒಬ್ಬನ ಎಲೆಗೆ ಒಂದು ಸೌಟು ಜಾಸ್ತಿ ಬಿದ್ದರೆ ಇನ್ನೊಬ್ಬನ ಎಲೆಯಲ್ಲಿ ಒಂದು ಸೌಟು ಕಮ್ಮಿ. ಬ್ರಿಟಿಷ್ ವೈದ್ಯರ ಸಂಘದಲ್ಲಿ ಕುಟುಂಬ ವೈದ್ಯರ ಮುಖಂಡರಾಗಿದ್ದ ಡಾ. ಲಾರೆನ್ಸ್ ಬಕ್‌ಮನ್ ಇದನ್ನು ತಿಳಿಗೇಡಿತನ ಎಂಬರ್ಥದಲ್ಲೇ ತಳ್ಳಿಹಾಕಿದರು.

ಡಾಕ್ಟರೋ, ಪೊಲೀಸೋ?

ವ್ಯಾಯಾಮ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ತೂಕ ಇಳಿಯದಿದ್ದರೂ ಹೃದಯಕ್ಕೆ, ಸಕ್ಕರೆ ಕಾಯಿಲೆಗೆ, ಮನಸ್ಸಿಗೆ ಅದರಿಂದ ಲಾಭ. ಆದರೆ ಬರೀ ವ್ಯಾಯಾಮದಿಂದ ಇಳಿಯುವ ತೂಕ ಜನ ಅಂದುಕೊಂಡಷ್ಟಿಲ್ಲ. ಊಟ, ನಿದ್ದೆ, ಹುಟ್ಟುಗುಣ, ಥೈರಾಯಿಡ್, ಸ್ಟೀರಾಯ್ಡ್ ಮಾತ್ರೆ, ಕೆಲವು ಮನೋರೋಗದ ಔಷಧಿ ಎಲ್ಲದರ ಪಾಲೂ ಆ ಮೈಯಲ್ಲಿದೆ. ಕಾರ್ಡಿಗೆ ಇದೇನೂ ಗೊತ್ತಾಗದು. ಒಳಗೆ ಹೋಗಿ ಬೆಂಚಿನ ಮೇಲೆ ಕೂತು ಬಂದವನೂ "ಹಾಜರ್"; ಮಂಡಿನೋವಿನಿಂದ ಮನೆಯಲ್ಲೇ ನರಳಿದವಳು "ಗೈರುಹಾಜರ್".

ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿದೆ. ತನ್ನ ಒಂದು ಚೀಟಿಯಿಂದ ರೋಗಿಯ ಬಾಡಿಗೆ ದುಡ್ಡು ನಿಲ್ಲಬಹುದು ಎಂದಾದರೆ ಡಾಕ್ಟರು ಡಾಕ್ಟರಾಗಿ ಉಳಿಯುವುದಿಲ್ಲ. ರೋಗಿ ಕಾಯಿಲೆ ಹೇಳಿಕೊಳ್ಳುವುದನ್ನೇ ಬಿಡುತ್ತಾನೆ.

ವೆಸ್ಟ್‌ಮಿನ್‌ಸ್ಟರಿನ ಸಲಹೆ ಸಲಹೆಯಾಗಿಯೇ ಉಳಿಯಿತು. ಆದರೆ 2015ರ ಫೆಬ್ರವರಿಯಲ್ಲಿ ಆಗಿನ ಪ್ರಧಾನಿ ಡೇವಿಡ್ ಕ್ಯಾಮೆರಾನ್ ಮತ್ತೆ ಅದೇ ರಾಗ ತೆಗೆದರು. ಕುಡಿತ, ಮಾದಕವಸ್ತು, ಬೊಜ್ಜಿನಿಂದಾಗಿ ಕೆಲಸವಿಲ್ಲದವರು ಚಿಕಿತ್ಸೆ ಬೇಡವೆಂದರೆ ಭತ್ಯೆ ಕತ್ತರಿಸಬಹುದೇ? ಪರಿಶೀಲಿಸಿ ಹೇಳುವ ಕೆಲಸ ಡೇಮ್ ಕ್ಯಾರಲ್ ಬ್ಲ್ಯಾಕ್ ಎಂಬ ಹಿರಿಯ ವೈದ್ಯೆಗೆ ಬಿತ್ತು. 2016ರ ಡಿಸೆಂಬರಿನಲ್ಲಿ ಬಂದ ಅವರ ವರದಿ ಬಲವಂತದ ದಾರಿಗೆ ಒಪ್ಪಿಗೆ ಕೊಡಲಿಲ್ಲ.

ಇಲ್ಲಿಗೂ ಬಂದೀತು

"ಲಂಡನ್ ಕತೆ ನಮಗ್ಯಾಕೆ ಸ್ವಾಮಿ, ಇಲ್ಲಿ ಹೊಟ್ಟೆಗಿಲ್ಲದವರದೇ ಚಿಂತೆ" ಅನ್ನುವ ಕಾಲ ಹೋಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತು ಜನ ವಯಸ್ಕರಲ್ಲಿ ಮೂವರ ತೂಕ ಮಿತಿ ಮೀರಿದೆ. ಹೆಂಗಸರು, ಗಂಡಸರು ಇಬ್ಬರದೂ ಹೆಚ್ಚುಕಡಿಮೆ ಇದೇ ಲೆಕ್ಕ.

ಷರತ್ತು ಎಂದ ಮಾತ್ರಕ್ಕೆ ಕೆಟ್ಟದ್ದು ಎನ್ನುವಂತೆಯೂ ಇಲ್ಲ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯಲ್ಲಿ ಚೊಚ್ಚಲ ಬಾಣಂತಿಗೆ ಕಂತಿನಲ್ಲಿ ಸಿಗುವ 5,000 ರೂಪಾಯಿಗೆ ತಪಾಸಣೆ, ಲಸಿಕೆಯ ಷರತ್ತಿದೆ. ಅದರ ಮಾತು ಬೇರೆ. ಯಾಕೆಂದರೆ ಅದು ಮೇಲೆ ಕೊಡುವ ಹಣ. ಲಸಿಕೆ ಹಾಕಿಸಲು ಕೆಲವು ಸಲ ಹೋಗಿ ಬಂದರೆ ಸಾಕು. ಅಂಗನವಾಡಿ ಊರಲ್ಲೇ ಇದೆ. ತೂಕ ಇಳಿಸುವುದು ವರ್ಷಗಟ್ಟಲೆಯ ಹೋರಾಟ. ಅದಕ್ಕೆ ತಲೆಯ ಮೇಲಿನ ಸೂರನ್ನೇ ಪಣಕ್ಕಿಡುವುದು ಬೇರೆ ಮಾತು.

ಯಂತ್ರದ ಹಾಜರಿ ಅಂದರೆ ಏನೆಂದು ತಿಳಿಯಬೇಕಾದರೆ ನ್ಯಾಯಬೆಲೆ ಅಂಗಡಿಯ ಕ್ಯೂ ನೋಡಿದರೆ ಸಾಕು. ದುಡಿದು ದುಡಿದು ಬೆರಳ ಗೆರೆ ಸವೆದ ಮುದುಕಿ ಹೆಬ್ಬೆಟ್ಟು ಒತ್ತಿ ಒತ್ತಿ ಸೋಲುತ್ತಾಳೆ. "ಸರ್ವರ್ ಇಲ್ಲ, ನಾಳೆ ಬಾರಮ್ಮ." ಬೆರಳೇ ಒಪ್ಪದ ಯಂತ್ರ ಬೆವರನ್ನು ಒಪ್ಪೀತೆ?

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತದೆ. ಸರ್ಕಾರಿ ಆಸ್ಪತ್ರೆಯ ಖರ್ಚೇ ಕಾರಣ ಎಂದರೆ, ವೆಸ್ಟ್‌ಮಿನ್‌ಸ್ಟರಿನ ಬಂಗಲೆಯ ಬೊಜ್ಜಿಗೂ ಅದೇ ಆಸ್ಪತ್ರೆ. ಆದರೆ ಕಾರ್ಡು ಉಜ್ಜಬೇಕಾದ್ದು ಬಾಡಿಗೆ ನೆರವು ಪಡೆಯುವವನು ಮಾತ್ರ. ಇಲ್ಲೂ ಅಷ್ಟೆ. ಬೆಂಚಿನ ಮೇಲೆ ಕೂತು ಅಕ್ಕಿಯ ಲೆಕ್ಕ ಹೇಳುವವರಿಗೆ ವರಮಾನ ತೆರಿಗೆಯ ರಿಯಾಯಿತಿ ಸಿಗುತ್ತದೆ. ಅದನ್ನು ಕೊಡುವ ಮುಂಚೆ ಯಾರೂ ಟೇಪು ಹಿಡಿದು ಸೊಂಟ ಅಳೆಯುವುದಿಲ್ಲ!