ಅಧ್ಯಾಯ 5: ದುಂಬಿ ಹೊಸದೆಂದು ತೀರ್ಮಾನಿಸುವುದು ಹೇಗೆ?

ಮುಂಗಾರಿಗೆ ಮುನ್ನ ಹದವಾದ ಮಳೆ ಬಿದ್ದ ಸಂಜೆ ಗೂಳೂರಿನ ಬೀದಿದೀಪದ ಕೆಳಗೆ ನಿಂತರೆ ದುಂಬಿಗಳು ಪಟಪಟನೆ ಬಂದು ಬೀಳುತ್ತವೆ. ಕತ್ತಲಾಗುತ್ತಿದ್ದಂತೆ ನೆಲದಿಂದೆದ್ದು ಬೇವು, ಜಾಲಿಯ ಎಲೆ ಮೇಯುವ ಕಂದು ದುಂಬಿಗಳೂ ಅವುಗಳಲ್ಲಿರುತ್ತವೆ. ಕಡಲೆಕಾಯಿ, ಕಬ್ಬಿನ ಬೇರು ತಿನ್ನುವ ಗೊಣ್ಣೆಹುಳುಗಳು ಇವುಗಳ ಮರಿಗಳೇ. ಇವುಗಳಲ್ಲೊಂದಾದ ಹೊಲೊಟ್ರೈಕಿಯಾ ಸೆರ್ರಾಟಾವನ್ನು ಫ್ಯಾಬ್ರಿಷಿಯಸ್ 1781ರಲ್ಲೇ ವರ್ಣಿಸಿದ್ದ. ಆದರೆ ಅದೇ ಬೆಳಕಿಗೆ ಬಂದ ಸಾಸಿವೆ ಗಾತ್ರದ ದುಂಬಿಗಳ ನಡುವೆ ಇನ್ನೂ ಹೆಸರೇ ಇಲ್ಲದ ಒಂದು ಇರಬಹುದೇ? ಖಂಡಿತ ಇರಬಹುದು. ಅದನ್ನು ಸಾಬೀತು ಮಾಡುವ ದಾರಿಯೇ ಈ ಅಧ್ಯಾಯದ ವಿಷಯ.

ಮೊದಲು ದುಂಬಿ ಎಂದರೇನು ಎಂಬುದನ್ನು ಚುಟುಕಾಗಿ ನೋಡೋಣ. ಆರು ಕಾಲು, ಕಚ್ಚುವ ಬಾಯಿ, ಗಟ್ಟಿ ಕವಚವಾಗಿ ಮಾರ್ಪಟ್ಟ ಮುಂದಿನ ಜೋಡಿ ರೆಕ್ಕೆ, ಅದರಡಿ ಮಡಚಿಟ್ಟ ಹಾರುವ ರೆಕ್ಕೆ ಇದ್ದರೆ ಅದು ದುಂಬಿ. ವಿಜ್ಞಾನ ಇದುವರೆಗೆ ಹೆಸರಿಟ್ಟಿರುವ ದುಂಬಿ ಪ್ರಭೇದಗಳೇ ಸುಮಾರು 4 ಲಕ್ಷ. ಹೆಸರು ಪಡೆದ ಪ್ರಾಣಿಪ್ರಭೇದಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ದುಂಬಿ!

‘ಹೊಸದು’ ಎಂದರೆ ಯಾರಿಗೆ ಹೊಸದು?

‘ಹೊಸ ಪ್ರಭೇದ ಪತ್ತೆ’ ಎಂಬ ಸುದ್ದಿ ಓದಿದವರು ಆ ಜೀವಿ ಈಗಷ್ಟೇ ಹುಟ್ಟಿಕೊಂಡಿತೆಂದೋ, ಯಾರೂ ಅದನ್ನು ಕಂಡಿರಲಿಲ್ಲವೆಂದೋ ಭಾವಿಸುತ್ತಾರೆ. ಎರಡೂ ಸರಿಯಲ್ಲ. ಅದು ವಿಜ್ಞಾನದ ದಾಖಲೆಗೆ ಹೊಸದು, ಅಷ್ಟೇ. ಗುಬ್ಬಿಯ ರೈತರೊಬ್ಬರು ಅದನ್ನು ತಾತನ ಕಾಲದಿಂದ ನೋಡುತ್ತಿರಬಹುದು. ಚಾರ್ಲ್ಸ್ ಡಾರ್ವಿನ್ 1832ರಲ್ಲಿ ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾದಲ್ಲಿ ಹಿಡಿದ ದುಂಬಿಯೊಂದಕ್ಕೆ ಡಾರ್ವಿನಿಲಸ್ ಸೆಡಾರಿಸಿ ಎಂಬ ಹೆಸರು ಬಂದದ್ದು 2014ರಲ್ಲಿ! ಡಾರ್ವಿನ್ ಹಿಡಿದ ಹುಳುವೇ 180 ವರ್ಷ ಕಾಯಿತು. ಜೀವಿಯೊಂದನ್ನು ಸಂಗ್ರಹಿಸಿದ ದಿನದಿಂದ ಅದರ ವರ್ಣನೆ ಪ್ರಕಟವಾಗುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆಂದು 2012ರ ಅಧ್ಯಯನವೊಂದು ಲೆಕ್ಕ ಹಾಕಿದೆ. ಹಿಡಿಯುವುದು ಒಂದು ಸಂಜೆಯ ಕೆಲಸ. ಹೋಲಿಸಿ ನೋಡುವುದಕ್ಕೆ ವರ್ಷಗಳು ಬೇಕು.

ಭಾರತದ ದುಂಬಿಗಳನ್ನು ಹೋಲಿಸಲು ಹೊರಟವರು ಇಂದಿಗೂ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯ ಸಂಪುಟಗಳನ್ನು ತೆರೆಯಲೇಬೇಕು. ಗಿಲ್ಬರ್ಟ್ ಆರೋ ಕೊಂಬಿನ ದುಂಬಿ, ಸಗಣಿ ದುಂಬಿ ಮೊದಲಾದವುಗಳ ಮೇಲೆ 1910, 1917 ಮತ್ತು 1931ರಲ್ಲಿ ಬರೆದರು. ನೆಲದ ಮೇಲೆ ಓಡಾಡಿ ಬೇಟೆಯಾಡುವ ದುಂಬಿಗಳ ಮೇಲೆ ಎಚ್. ಇ. ಆಂಡ್ರ್ಯೂಸ್ ಬರೆದ ಸಂಪುಟಗಳು 1929 ಮತ್ತು 1935ರವು. ಇವುಗಳ ಜೊತೆಗೆ ಅನಂತರ ಬಂದ ಪ್ರಬಂಧಗಳನ್ನೂ ಜಾಲಾಡಿದ ಮೇಲೆಯೇ ‘ಇದು ಹೊಸದು’ ಎಂಬ ಮಾತು ಬಾಯಿಗೆ ಬರಬೇಕು.

ಬೇರೆಯಾಗಿ ಕಂಡರೆ ಬೇರೆಯೇ?

ಹೆಚ್ಚಿನವರು ಎಡವುವುದು ಇಲ್ಲೇ. ಈ ಸೀಮೆಯ ತೆಂಗಿನ ತೋಟಗಳಲ್ಲಿ ಸುಳಿ ಕೊರೆಯುವ ರೈನೋಸರಸ್ ದುಂಬಿಯನ್ನೇ ನೋಡಿ. ಲಿನ್ನೇಯಸ್ 1758ರಲ್ಲಿ ಹೆಸರಿಟ್ಟ ಹುಳು ಇದು. ಗಂಡಿಗೆ ಉದ್ದ ಕೊಂಬು, ಹೆಣ್ಣಿಗೆ ಗಿಡ್ಡ ಕೊಂಬು, ಜೊತೆಗೆ ಹೊಟ್ಟೆಯ ತುದಿಯಲ್ಲಿ ಕೆಂಚು ಕೂದಲಿನ ಗೊಂಚಲು. ಎರಡನ್ನೂ ಪಕ್ಕದಲ್ಲಿಟ್ಟರೆ ತಿಳಿಯದವರು ಎರಡು ಪ್ರಭೇದ ಎಂದಾರು.

ಸಗಣಿ ದುಂಬಿಗಳಲ್ಲಿ ಗೋಜಲು ಇನ್ನೂ ಹೆಚ್ಚು. ಗುಬ್ಬಿಯ ಕೊಟ್ಟಿಗೆಗಳಿಂದ ಕುಣಿಗಲ್ಲಿನ ಕುದುರೆ ಫಾರಂವರೆಗೆ ಇವುಗಳಿಗೆ ಮೇವಿಗೆ ಬರವಿಲ್ಲ. ಆಂಥೊಫೇಗಸ್ ಎಂಬ ಒಂದೇ ಕುಲದಲ್ಲಿ 2,000ಕ್ಕೂ ಹೆಚ್ಚು ಪ್ರಭೇದಗಳಿವೆ. ಇವುಗಳಲ್ಲಿ ಹಲವದರ ಗಂಡುಗಳು ಎರಡು ಬಗೆ: ಕೆಲವಕ್ಕೆ ಉದ್ದ ಕೊಂಬು, ಕೆಲವಕ್ಕೆ ಬರೀ ಗುಬುಟು. 1990ರ ದಶಕದಲ್ಲಿ ಡಗ್ಲಸ್ ಎಮ್ಲೆನ್ ಪನಾಮಾದ ಪ್ರಭೇದವೊಂದರ ಮರಿಗಳಿಗೆ ಆಹಾರವನ್ನು ಹೆಚ್ಚುಕಡಿಮೆ ಮಾಡಿ ಬೆಳೆಸಿ ಇದರ ಗುಟ್ಟು ಬಿಡಿಸಿದರು. ಹೊಟ್ಟೆ ತುಂಬ ಸಗಣಿ ಸಿಕ್ಕಿ, ಒಂದು ಮಿತಿಯನ್ನು ದಾಟಿ ಬೆಳೆದ ಗಂಡಿಗೆ ಉದ್ದ ಕೊಂಬು ಮೂಡುತ್ತದೆ. ಆ ಮಿತಿಗಿಂತ ಕೆಳಗುಳಿದದ್ದಕ್ಕೆ ಕೊಂಬಿಲ್ಲ. ನಡುವಿನವು ಅಪರೂಪ. ಒಂದೇ ತಾಯಿಯ ಮಕ್ಕಳು, ಉಂಡ ಊಟಕ್ಕೆ ತಕ್ಕಂತೆ ಎರಡು ರೂಪ! ಹಾಗಾಗಿ ಕೊಂಬು, ಗಾತ್ರ, ಬಣ್ಣ ಇವನ್ನಷ್ಟೇ ನಂಬಿ ಹೆಸರಿಟ್ಟರೆ ಒಂದೇ ಪ್ರಭೇದ ಹಲವು ಹೆಸರಿನಲ್ಲಿ ದಾಖಲಾಗುತ್ತದೆ.

ಹಾಗಾದರೆ ಯಾವುದನ್ನು ನಂಬಬೇಕು? ದುಂಬಿತಜ್ಞರು ಮೊದಲು ನೋಡುವುದು ಗಂಡಿನ ಜನನಾಂಗವನ್ನು. ಒಣಗಿದ ದುಂಬಿಯನ್ನು ಬಿಸಿನೀರಿನಲ್ಲಿ ಮೆದುಮಾಡಿ, ಹೊಟ್ಟೆಯ ತುದಿಯಿಂದ ಅದನ್ನು ನಾಜೂಕಾಗಿ ಹೊರತೆಗೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಶುಚಿಮಾಡಿ, ಗ್ಲಿಸರಿನ್ ಹನಿಯಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹೊರಗೆ ಅವಳಿಗಳಂತೆ ಕಾಣುವ ಎರಡು ದುಂಬಿಗಳಲ್ಲಿ ಈ ಅಂಗದ ಬಾಗು, ತುದಿಯ ಕೊಕ್ಕೆ, ಒಳಚೀಲದ ಮುಳ್ಳು ಸ್ಪಷ್ಟವಾಗಿ ಬೇರೆಯಾಗಿರುತ್ತವೆ. ಈ ಭಾಗವನ್ನು ಎಷ್ಟು ಸಲ ವಿವರಿಸಿದರೂ ನನ್ನ ಬೆರಗು ತಗ್ಗಿಲ್ಲ.

ಹೀಗೇಕೆ? ಬೇರೆ ಪ್ರಭೇದದೊಡನೆ ಕೂಡದಂತೆ ಗಂಡು ಹೆಣ್ಣಿನ ಅಂಗಗಳು ಬೀಗ–ಕೀಲಿಯಂತೆ ಹೊಂದಿಕೊಂಡಿವೆ ಎಂದು 1844ರಲ್ಲಿ ಲಿಯಾನ್ ಡುಫೂರ್ ಊಹಿಸಿದ. ಎಲ್ಲೆಡೆ ಈ ವಿವರಣೆ ಸಾಲಲಿಲ್ಲ. ಹೆಣ್ಣಿನ ಆಯ್ಕೆಯ ಒತ್ತಡದಿಂದ ಗಂಡಿನ ಅಂಗ ಬೇಗಬೇಗ ಮಾರ್ಪಡುತ್ತದೆಂದು 1985ರಲ್ಲಿ ವಿಲಿಯಂ ಎಬರ್‌ಹಾರ್ಡ್ ವಾದಿಸಿದರು. ಕಾರಣ ಯಾವುದೇ ಇರಲಿ, ಪ್ರಭೇದಗಳು ಕವಲೊಡೆದಾಗ ದೇಹದ ಉಳಿದ ಭಾಗಕ್ಕಿಂತ ಮೊದಲು ಬದಲಾಗುವುದು ಅನೇಕ ಸಲ ಇದೇ ಅಂಗ. ಈಗ ಡಿಎನ್‌ಎ ಪರೀಕ್ಷೆಯೂ ನೆರವಿಗಿದೆ, ಆದರೆ ಅದು ಈ ಕೆಲಸಕ್ಕೆ ಬದಲಿಯಲ್ಲ.

ಹೆಸರಿಡುವ ಕಟ್ಟಳೆ

ಹೊಸದೆಂದು ಖಚಿತವಾದ ಮೇಲೆ ಒಂದು ಮಾದರಿಯನ್ನು ‘ಹೋಲೋಟೈಪ್’ ಎಂದು ಗುರುತಿಸಬೇಕು. ಮುಂದೆ ಎಂದಾದರೂ ತಕರಾರು ಬಂದರೆ ಆ ಹೆಸರಿಗೆ ಅದೇ ಸಾಕ್ಷಿ. ಉಳಿದವುಗಳೊಡನೆ ಹೋಲಿಸಿದ ವರ್ಣನೆ, ಚಿತ್ರ, ಎರಡು ಪದದ ಹೆಸರು ಎಲ್ಲವೂ ಪ್ರಕಟವಾಗಬೇಕು. ನಮ್ಮ ಜೀವವೈವಿಧ್ಯ ಕಾಯ್ದೆ, 2002ರ 39ನೇ ಸೆಕ್ಷನ್ ಪ್ರಕಾರ ಹೊಸ ಪ್ರಭೇದ ಕಂಡವರು ಅದನ್ನು ನಿಗದಿತ ಭಂಡಾರಕ್ಕೆ ತಿಳಿಸಿ ಮಾದರಿಯನ್ನೂ ಅಲ್ಲಿ ಒಪ್ಪಿಸಬೇಕು.

ಇಷ್ಟೆಲ್ಲದಕ್ಕೂ ಬುನಾದಿ ಒಂದು ಪುಟ್ಟ ಚೀಟಿ: ಊರು, ತಾಲ್ಲೂಕು, ತಾರೀಕು, ಎಲ್ಲಿ ಹೇಗೆ ಸಿಕ್ಕಿತು, ಹಿಡಿದವರು ಯಾರು. ಈ ಚೀಟಿ ಇಲ್ಲದ ದುಂಬಿ ಎಷ್ಟು ಅಪರೂಪದ್ದಾದರೂ ವಿಜ್ಞಾನಕ್ಕೆ ಹೆಚ್ಚು ಪ್ರಯೋಜನವಿಲ್ಲ. ಚೀಟಿ ಬರೆಯಲು ಪದವಿ ಬೇಕಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ಲಿನ ಪ್ರತಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗವೂ ತನ್ನ ಸುತ್ತಲಿನ ಕೆರೆ, ತೋಟ, ಹೊಲಗಳ ದುಂಬಿಗಳನ್ನು ಹೀಗೆ ಚೀಟಿಯೊಡನೆ ಕಾಪಿಟ್ಟರೆ ನಾಳಿನ ತಜ್ಞರಿಗೆ ಅದು ದೊಡ್ಡ ಆಸ್ತಿ. ದೇವರಾಯನದುರ್ಗದಂಥ ಕಾಡಿನಲ್ಲಿ ಮಾತ್ರ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಏನನ್ನೂ ಹಿಡಿಯಬೇಡಿ.

ದುಂಬಿಗಳು ಲಕ್ಷಗಟ್ಟಲೆ ಇವೆ, ಅವನ್ನು ಗುರುತಿಸಬಲ್ಲವರು ನಮ್ಮಲ್ಲಿ ಬಹಳ ಕಡಿಮೆ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋ ಇದೆ, ಜಿಕೆವಿಕೆಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಕೀಟ ವರ್ಗೀಕರಣ ಕಲಿಯಲು ಗೂಳೂರಿನ ಮಕ್ಕಳು ದೂರ ಹೋಗಬೇಕಾಗಿಲ್ಲ. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಒಂದೇ ಒಂದು ದುಂಬಿ ಕುಟುಂಬವನ್ನು ಆರಿಸಿಕೊಂಡು ಅದರ ಅಧ್ಯಯನಕ್ಕೆ ಕೂರಬೇಕು, ಈಗಲೇ ಶುರುಮಾಡಬೇಕು ಎಂದು ಕೇಳಿಕೊಳ್ಳುತ್ತೇನೆ.