ಬಾಣ ಕಳೆದುಕೊಂಡ ಬಿಲ್ಲು

ಗಣಪತಿ ಕಳಿಸುವ ದಿನ ಸೊಲ್ಲಾಪುರದ ಬೀದಿಯಲ್ಲಿ ಹಲಗಿಯ ಸದ್ದನ್ನೂ ಮೀರಿ ಕೇಳುವುದು ಲೇಜಿಮ್ಮಿನ ಝಣಝಣ. ಹುಡುಗರು ಸಾಲು ಹಿಡಿದು ಬಗ್ಗುತ್ತಾರೆ, ಏಳುತ್ತಾರೆ, ಒಮ್ಮೆಲೇ ಪಕ್ಕಕ್ಕೆ ಹೊರಳುತ್ತಾರೆ. ನೋಡುವವರ ಕಣ್ಣು ಸಾಮಾನ್ಯವಾಗಿ ಅವರ ಹೆಜ್ಜೆಯ ಮೇಲಿರುತ್ತದೆ. ಒಮ್ಮೆ ಕೈ ನೋಡಬೇಕು. ಎಡಗೈ ಒಂದೂವರೆ ಅಡಿಯ ಕಟ್ಟಿಗೆಯ ದಂಡವನ್ನು ನಟ್ಟನಡುವೆ ಹಿಡಿದಿರುತ್ತದೆ. ದಂಡದ ಎರಡೂ ತುದಿಗೆ ಬಿಗಿದ ಕಬ್ಬಿಣದ ಸರಪಳಿ, ಸರಪಳಿಯಲ್ಲಿ ಪೋಣಿಸಿದ ತಗಡಿನ ಬಿಲ್ಲೆಗಳು, ಅದರ ಮಧ್ಯಕ್ಕೆ ಒಂದು ಹಿಡಿಕೆ. ಆ ಹಿಡಿಕೆ ಬಲಗೈಯಲ್ಲಿ. ಎಡಗೈ ಮುಂದಕ್ಕೆ ಚಾಚುತ್ತದೆ, ಬಲಗೈ ಹಿಂದಕ್ಕೆ ಎಳೆಯುತ್ತದೆ, ಎದೆ ಅಗಲವಾಗುತ್ತದೆ. ತಗಡಿನ ಬಿಲ್ಲೆಗಳನ್ನು ಕಿತ್ತುಹಾಕಿ, ಸರಪಳಿಯ ಜಾಗದಲ್ಲಿ ಹೆದೆ ಕಟ್ಟಿ ನೋಡಿದರೆ ಅಲ್ಲಿ ನಿಂತವನು ಬಿಲ್ಲುಗಾರ.

ಇದು ಕಲ್ಪನೆಯಲ್ಲ. ಲೇಜಿಮ್ ಹುಟ್ಟಿದ್ದೇ ಬಿಲ್ಲಾಗಿ. ಹೆದೆಯ ಬದಲು ಸರಪಳಿ ಹಾಕಿದ ಅಭ್ಯಾಸದ ಬಿಲ್ಲನ್ನು ಪಾರಸಿ ಬಲ್ಲವರು ಇದೇ ಹೆಸರಿನಿಂದ ಕರೆಯುತ್ತಿದ್ದರು. ಬೇಟೆಗೆ, ಯುದ್ಧಕ್ಕೆ ಹೋಗುವವನ ಭುಜ ಬಲಿಸಲು ಇದ್ದ ಸಾಧನವೊಂದು ಇಂದು ಶಾಲೆಯ ಹೆಣ್ಣುಮಕ್ಕಳು ಸ್ವಾತಂತ್ರ್ಯ ದಿನದಂದು ಆಡುವ ಆಟವಾಗಿದೆ. ಆ ದಾರಿ ಈ ಗಡಿನಾಡಿನ ಬಯಲಿನಲ್ಲೇ ಹಾದುಹೋಗುತ್ತದೆ.

ಸೊಲ್ಲಾಪುರದ ಪಕ್ಕದ ಹೋಟಗಿ ಜಂಕ್ಷನ್ನಿನಲ್ಲಿ ರೈಲು ಹಳಿ ಕವಲೊಡೆಯುತ್ತದೆ. ಒಂದು ಅಕ್ಕಲಕೋಟ ರೋಡ್ ಮೇಲೆ ಕಲಬುರಗಿ ಕಡೆಗೆ, ಇನ್ನೊಂದು ವಿಜಯಪುರ, ಬಾಗಲಕೋಟೆ ಹಾದು ಗದಗಿಗೆ. ಗದಗಿನ ದಾರಿ 1884ರದು. ಈಗ ಸುತ್ತ ಕಾಣುವುದು ಉಷ್ಣವಿದ್ಯುತ್ ಸ್ಥಾವರದ ಚಿಮಣಿ, ಸಿಮೆಂಟ್ ಕಾರ್ಖಾನೆ, ಕಬ್ಬು. ಇವೆಲ್ಲ ಬರುವ ಮೊದಲು ಇದು ಎರೆ ಹೊಲ, ಮಡ್ಡಿ, ಹುಲ್ಲು ಮತ್ತು ಚಿಗರಿಗಳ ನಾಡು. ಸೊಲ್ಲಾಪುರದ ಆಚೆ ನಾನಜ್ ಕಡೆಯ ಹುಲ್ಲುಗಾವಲನ್ನು 1979ರಲ್ಲಿ ಎರೆಭೂತ ಹಕ್ಕಿಗಾಗಿ ಅಭಯಾರಣ್ಯ ಎಂದು ಘೋಷಿಸಿದರು. ಹಳೆಯ ಬಯಲು ಹೇಗಿತ್ತು ಎಂದು ನೋಡಬೇಕಾದರೆ ಅಲ್ಲಿಗೇ ಹೋಗಬೇಕು. ಮರೆಯಾಗಿ ನಿಲ್ಲಲು ಒಂದು ಗಿಡವೂ ಸಿಗದ ಜಾಗ. ಚಿಗರಿ ನಿಮ್ಮನ್ನು ಅರ್ಧ ಮೈಲಿ ದೂರದಿಂದಲೇ ನೋಡಿರುತ್ತದೆ.

ಇಂಥ ಜಾಗದಲ್ಲಿ ಬಿಲ್ಲು ಹಿಡಿದು ಬೇಟೆಗೆ ಹೊರಟವನ ಪಾಡು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಕೈಬಿಲ್ಲಿನಿಂದ ಹೊರಟ ಬೇಟೆಯ ಬಾಣದ ವೇಗ ಸೆಕೆಂಡಿಗೆ ಸುಮಾರು 50 ಮೀಟರ್. 20 ಮೀಟರ್ ದೂರದ ಚಿಗರಿಯನ್ನು ಮುಟ್ಟಲು ಅದಕ್ಕೆ 0.4 ಸೆಕೆಂಡ್ ಬೇಕು. ಹೆದೆ ಮಿಡಿದ ಸದ್ದು ಅಷ್ಟೇ ದೂರವನ್ನು 0.06 ಸೆಕೆಂಡಿನಲ್ಲಿ ದಾಟಿಬಿಡುತ್ತದೆ. ಅಂದರೆ ಬಾಣ ಬರುವ ಮೊದಲೇ ಸುದ್ದಿ ಬಂದಿರುತ್ತದೆ. ನಡುವಿನ ಹೊತ್ತೆಲ್ಲ ಚಿಗರಿಯದು. ಆ 0.4 ಸೆಕೆಂಡಿನಲ್ಲಿ ಬಾಣ ತಾನು ಹೊರಟ ನೇರದಿಂದ ಮುಕ್ಕಾಲು ಮೀಟರಿಗೂ ಹೆಚ್ಚು ಕೆಳಗಿಳಿದಿರುತ್ತದೆ. ದೂರ 40 ಮೀಟರ್ ಆದರೆ ಇಳಿತ ನಾಲ್ಕು ಪಟ್ಟು, ಮೂರು ಮೀಟರಿಗೂ ಮೇಲೆ. ಆದ್ದರಿಂದ ಬಯಲಿನ ಬಿಲ್ಲುಬೇಟೆ ದೂರ ಹೊಡೆಯುವ ವಿದ್ಯೆಯೇ ಅಲ್ಲ, ಹತ್ತಿರ ಹೋಗುವ ವಿದ್ಯೆ. ಸಿನಿಮಾದ ರಾಜರು ಕುದುರೆ ಮೇಲಿಂದ ನೂರು ಗಜ ದೂರದ ಜಿಂಕೆ ಉರುಳಿಸುವುದನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ.

ಹತ್ತಿರ ಹೋಗುವುದಕ್ಕೆ ಎಷ್ಟು ಉಪಾಯ ಮಾಡಿದ್ದರು ಎಂಬುದಕ್ಕೆ ಈ ನಾಡಿನದೇ ಸಾಕ್ಷಿಯಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದ ನೂರು ಅಧ್ಯಾಯಗಳಲ್ಲಿ ಇಪ್ಪತ್ತು ಬರೀ ವಿನೋದಗಳಿಗೆ ಮೀಸಲು. ಶಸ್ತ್ರವಿನೋದವೂ ಅದರಲ್ಲಿದೆ, ಮೃಗಯಾವಿನೋದವೂ ಇದೆ. ಇಂದಿನ ಬಸವಕಲ್ಯಾಣ ಹೋಟಗಿಯಿಂದ ಎರಡು-ಮೂರು ತಾಸಿನ ಹಾದಿ. ದೊರೆ ಇಂಥ ಬಯಲಿನ ಬೇಟೆಯನ್ನು ಕಂಡೇ ಬರೆದಿರಬೇಕು. ನೀರಿಗೆ ಬರುವ ಮೃಗವನ್ನು ಮರೆಯಲ್ಲಿ ಕೂತು ಕಾಯುವುದು, ಪಳಗಿಸಿದ ದೀವದ ಜಿಂಕೆಯನ್ನು ಬಿಟ್ಟು ಕಾಡಿನ ಜಿಂಕೆಯನ್ನು ಬಳಿಗೆ ಎಳೆಯುವುದು, ಚೀತಾವನ್ನು ಅಟ್ಟುವುದು ಎಲ್ಲವೂ ಅಲ್ಲಿವೆ. ಚೀತಾ ಬಿಟ್ಟು ಬೇಟೆಯಾಡಿದ್ದಕ್ಕೆ ಭಾರತದಲ್ಲಿ ಸಿಗುವ ಮೊದಲ ಬರಹವೇ ಈ ಗ್ರಂಥ ಎನ್ನುತ್ತಾರೆ ಪ್ರಾಣಿಚರಿತ್ರೆ ಬಲ್ಲವರು.

ಅರಸನಿಗೆ ಚೀತಾ ಇತ್ತು. ಏನೂ ಇಲ್ಲದ, ಚಿಗರಿ ಬೇಟೆಯನ್ನೇ ಕಸುಬಾಗಿಸಿಕೊಂಡ ಹರಣಶಿಕಾರಿ ಜನ ಬಿಲ್ಲಿನ ಗೊಡವೆಗೇ ಹೋಗಲಿಲ್ಲ. ನೆಲಕ್ಕೆ ಗೂಟ ಹೊಡೆದು ಸಾಲಾಗಿ ಕುಣಿಕೆ ಕಟ್ಟಿದರು, ಪಳಗಿಸಿದ ಎತ್ತಿನ ಮರೆಯಲ್ಲಿ ನಡೆದು ಚಿಗರಿಗಳನ್ನು ಆ ಕಡೆಗೆ ಹೊರಳಿಸಿದರು. ಬಯಲಿಗೆ ಇದೇ ತಕ್ಕ ಹತ್ಯಾರು. ಬ್ರಿಟಿಷರು ಅಪರಾಧಿ ಬುಡಕಟ್ಟು ಕಾಯ್ದೆಯ ಪಟ್ಟಿಗೆ ಅವರನ್ನು ಸೇರಿಸಿ, ಮುಂದೆ ಸೊಲ್ಲಾಪುರ, ವಿಜಯಪುರ, ಗದಗ, ಹುಬ್ಬಳ್ಳಿಗಳ ಸೆಟಲ್‌ಮೆಂಟಿನಲ್ಲಿ ತಂತಿಬೇಲಿಯೊಳಗೆ ಕೂಡಿಟ್ಟದ್ದು ಬೇರೆಯೇ ಕತೆ, ಅದನ್ನು ಬೇರೆಯೇ ಬರೆಯಬೇಕು.

ಹಾಗಾದರೆ ಬಿಲ್ಲು ಯಾರ ಕೈಯಲ್ಲಿತ್ತು? ಬಿದಿರಿನ ಬಿಲ್ಲು ಬಡವನದು: ಒಂದೇ ಸೀಳು, ನಾರಿನ ಇಲ್ಲವೆ ಬಿದಿರಿನದೇ ಹೆದೆ, ಮುರಿದರೆ ನಾಳೆ ಇನ್ನೊಂದು. ದರಬಾರಿನ ಬಿಲ್ಲಿನ ಜಾತಿಯೇ ಬೇರೆ. ನಡುವೆ ತೆಳು ಕಟ್ಟಿಗೆ. ಬಿಲ್ಲುಗಾರನ ಕಡೆ ಮುಖಮಾಡಿದ ಮೈಗೆ ಎಮ್ಮೆಯ ಕೊಂಬಿನ ಪಟ್ಟಿ, ಏಕೆಂದರೆ ಕೊಂಬು ಒತ್ತಡ ತಾಳುತ್ತದೆ. ಆಚೆ ಮೈಗೆ ಪ್ರಾಣಿಯ ನರ ಬಿಡಿಸಿ ಅಂಟಿಸಿದ ಪದರು, ಏಕೆಂದರೆ ನರ ಎಳೆತ ತಾಳುತ್ತದೆ. ಮೂರನ್ನೂ ಹಿಡಿದಿಡುವುದು ಸರೇಸು ಎಂಬ ಅಂಟು. ಒಂದೊಂದು ಪದರು ಒಣಗಲು ತಿಂಗಳುಗಟ್ಟಲೆ ಬೇಕು. ಹೆದೆ ಬಿಚ್ಚಿದರೆ ಈ ಬಿಲ್ಲು ತಿರುವಿಮುರುವಿ ಹಿಂದಕ್ಕೆ ಸುರುಳಿಯಾಗುತ್ತದೆ. ಅದನ್ನು ಬೆಂಕಿಯ ಕಾವಿಗೆ ಹಿಡಿದು, ಮಂಡಿಯಲ್ಲಿ ಒತ್ತಿ ಮತ್ತೆ ಹೆದೆ ಏರಿಸುವುದೇ ಒಂದು ಕಸುಬು. ಮಳೆಗಾಲದಲ್ಲಿ ಸರೇಸು ಸಡಿಲಾಗಿ ಬಿಲ್ಲು ಸತ್ವ ಕಳೆದುಕೊಳ್ಳುತ್ತಿತ್ತು. ಅದಕ್ಕೇ ಹಿಂದುಸ್ತಾನದ ಕಮ್ಮಾರರು ಇಡೀ ಉಕ್ಕಿನ ಬಿಲ್ಲನ್ನೂ ಮಾಡಿದರು. ಹೊಡೆತದಲ್ಲಿ ಅದು ಕೊಂಬಿನದಕ್ಕಿಂತ ಮಂದ, ಆದರೆ ಕೋಟೆಯ ಗೋಡೆಗೆ ನೇತುಹಾಕಿ ಹತ್ತು ವರ್ಷದ ಮೇಲೆ ತೆಗೆದರೂ ಬಾಣ ಬಿಡುತ್ತಿತ್ತು.

ಬಾಣವನ್ನೂ ಬಿಲ್ಲಿಗೆ ತಕ್ಕಂತೆ ಹೊಂದಿಸಬೇಕು. ಹೆದೆ ಬಿಟ್ಟ ಕ್ಷಣದಲ್ಲಿ ಬಾಣ ನೇರವಾಗಿ ಹೋಗುವುದಿಲ್ಲ. ಹಾವಿನ ಹಾಗೆ ಬಳುಕಿ, ಬಿಲ್ಲಿನ ಮೈಯನ್ನು ಸುತ್ತಿ ದಾಟಿ, ಆಮೇಲೆ ನೇರವಾಗುತ್ತದೆ. ಕಡ್ಡಿ ಬಹಳ ಗಡುಸಾದರೆ ಒಂದು ಪಕ್ಕಕ್ಕೆ, ಬಹಳ ಮೆತ್ತಗಾದರೆ ಇನ್ನೊಂದು ಪಕ್ಕಕ್ಕೆ ಹಾರುತ್ತದೆ. ಅನುಭವಿ ಬಿಲ್ಲುಗಾರ ಬಾಣವನ್ನು ಬೆರಳಲ್ಲಿ ಒತ್ತಿ ಬಗ್ಗಿಸಿ ನೋಡುವುದು ಇದಕ್ಕೇ. ಗರಿ ಬಾಣದ ಬಾಲವನ್ನು ಹದ್ದುಬಸ್ತಿನಲ್ಲಿಡುತ್ತದೆ. ಕವಚ ತೂರಲು ಸೂಜಿಮೊನೆ, ಹಕ್ಕಿಗೆ ಮೊಂಡುಮೊನೆ, ಮೃಗಕ್ಕೆ ಅಗಲ ಅಲಗು. ಬಾಣ ಗುಂಡಿನ ಹಾಗೆ ಬಡಿದು ಕೊಲ್ಲುವುದಿಲ್ಲ, ಕೊಯ್ದು ರಕ್ತ ಹರಿಸಿ ಕೊಲ್ಲುತ್ತದೆ. ಆದ್ದರಿಂದ ಬಾಣ ತಗುಲಿದ ಮೇಲೂ ಬೇಟೆಗಾರ ಬೆನ್ನಟ್ಟದೆ ಸುಮ್ಮನೆ ಕೂತಿರಬೇಕು. ಅವಸರ ಮಾಡಿದರೆ ಗಾಯಗೊಂಡ ಪ್ರಾಣಿ ಮೈಲಿಗಟ್ಟಲೆ ಓಡಿ ಯಾರಿಗೂ ದಕ್ಕದೆ ಸಾಯುತ್ತದೆ.

ಇಷ್ಟೆಲ್ಲ ಸಾಧನ ಹೊಂದಿಸಿಕೊಂಡರೂ ಎಳೆಯುವ ತೋಳು ಬೇಕಲ್ಲ. ಯುದ್ಧದ ಕೊಂಬಿನ ಬಿಲ್ಲನ್ನು ಪೂರಾ ಎಳೆಯುವುದೆಂದರೆ 40-50 ಕಿಲೋ ಭಾರವನ್ನು ಬೆನ್ನಿನ ಬಲದಲ್ಲಿ ಹಿಡಿದು ನಿಂತಂತೆ. ಎಳೆಯುವುದೂ ನಾವು ಅಂದುಕೊಂಡಂತೆ ಮೂರು ಬೆರಳಿನಿಂದಲ್ಲ. ಹೆಬ್ಬೆರಳನ್ನು ಹೆದೆಗೆ ಕೊಕ್ಕೆಯಂತೆ ಹಾಕಿ, ತೋರುಬೆರಳಿನಿಂದ ಅದನ್ನು ಒತ್ತಿ ಹಿಡಿಯಬೇಕು. ಹೆದೆ ಚರ್ಮ ಕೊಯ್ಯದಿರಲು ಹೆಬ್ಬೆರಳಿಗೆ ಕೊಂಬಿನದೋ ಹಸಿರು ಕಲ್ಲಿನದೋ ಉಂಗುರ. ವಸ್ತುಸಂಗ್ರಹಾಲಯಗಳಲ್ಲಿ ರತ್ನ ಕೂರಿಸಿದ ಅಂಥ ಉಂಗುರಗಳನ್ನು ಜನ ಆಭರಣವೆಂದು ನೋಡಿ ಮುಂದೆ ಹೋಗುತ್ತಾರೆ.

ಹೊಸಬನ ಕೈಗೆ ನೇರವಾಗಿ ಬಿಲ್ಲು-ಬಾಣ ಕೊಡುತ್ತಿರಲಿಲ್ಲ. ಬಾಣವಿಲ್ಲದೆ ಹೆದೆ ಎಳೆದು ಫಟ್ಟನೆ ಬಿಟ್ಟರೆ ಆ ಬಲವೆಲ್ಲ ಬಿಲ್ಲಿನ ಮೈಗೇ ತಿರುಗಿ ಅದು ಸಿಡಿಯುತ್ತದೆ. ತುರ್ಕಿ, ಪಾರಸಿ, ಅರಬ್ಬಿ ಬಿಲ್ಲೋಜರೆಲ್ಲ ಮೊದಲು ಮೆತ್ತನೆಯ ಬಿಲ್ಲು ಕೊಟ್ಟು ತಿಂಗಳುಗಟ್ಟಲೆ ಬರೀ ಎಳೆಸುತ್ತಿದ್ದರು, ಬಿಡಿಸುತ್ತಿರಲಿಲ್ಲ. ಆಮೇಲೆ ಭಾರ ಏರುತ್ತಿತ್ತು. ಹೆದೆಯ ಜಾಗಕ್ಕೆ ಸರಪಳಿ ಬಂದದ್ದು ಇಲ್ಲಿ. ಸರಪಳಿ ಸ್ವತಃ ಭಾರ, ಹಾಗೆ ಬಿಟ್ಟರೂ ಬಿಲ್ಲು ಒಡೆಯುವುದಿಲ್ಲ. ಇನ್ನೊಂದು ಗುಣ ಗುರುವಿಗೆ ಅನುಕೂಲದ್ದು: ಶಿಷ್ಯನ ಕೈ ನಡುಗಿದರೆ ಸರಪಳಿ ಸದ್ದು ಮಾಡಿ ಹೇಳಿಬಿಡುತ್ತದೆ. ಅಂದು ಆ ಸದ್ದು ತಪ್ಪಿನ ಗುರುತು. ಇಂದು ಲೇಜಿಮ್ಮಿನ ಜೀವವೇ ಅದು.

ಇರಾನಿನ ಗರಡಿಗಳಲ್ಲಿ, ಅವರ ಜೂರ್‌ಖಾನೆಗಳಲ್ಲಿ, ಇದರ ಅಣ್ಣ ಇನ್ನೂ ಬದುಕಿದ್ದಾನೆ. ಕಬ್ಬಾದೆ ಎನ್ನುವ ಹತ್ತು ಕಿಲೋ ಮೀರಿದ ಕಬ್ಬಿಣದ ಬಿಲ್ಲು, ಅದಕ್ಕೆ ಬಿಲ್ಲೆ ಪೋಣಿಸಿದ ಸರಪಳಿ. ಪೈಲ್ವಾನರು ಅದನ್ನು ತಲೆಯ ಮೇಲೆತ್ತಿ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಡೋಲಿನ ತಾಳಕ್ಕೆ ಬೀಸುತ್ತಾರೆ. ಆ ಗರಡಿ ಆಚರಣೆಯನ್ನು ಯುನೆಸ್ಕೊ 2010ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಸೊಲ್ಲಾಪುರದ ಲೇಜಿಮ್ಮನ್ನೂ ಕಬ್ಬಾದೆಯನ್ನೂ ಪಕ್ಕಪಕ್ಕ ಇಟ್ಟರೆ ನಂಟು ಬಿಡಿಸಿ ಹೇಳಬೇಕಾಗಿಲ್ಲ.

ಇರಾನಿನ ಗರಡಿ ಸಾಮಾನು ಭೀಮಾ ದಂಡೆಗೆ ಬರಲು ದಾರಿ ಬಹಳ ದಿನದಿಂದ ತೆರೆದಿತ್ತು. 1490ರಲ್ಲಿ ಯೂಸುಫ್ ಆದಿಲ್ ಖಾನ್ ಬಿಜಾಪುರದಲ್ಲಿ ನೆಲೆಯೂರಿದಾಗಿನಿಂದ ಇರಾನಿನ ಸಿಪಾಯಿಗಳು, ವರ್ತಕರು, ಕುಶಲಕರ್ಮಿಗಳು ದಕ್ಷಿಣದ ದರಬಾರುಗಳಿಗೆ ಬರುತ್ತಲೇ ಇದ್ದರು. ಸೊಲ್ಲಾಪುರದ ಕೋಟೆ ಆ ದರಬಾರುಗಳ ನಡುವೆ ಸಿಕ್ಕಿಕೊಂಡಿತ್ತು. 1524ರಲ್ಲಿ ಬಿಜಾಪುರದ ಹೆಣ್ಣನ್ನು ಅಹ್ಮದ್‌ನಗರದ ಬುರ್ಹಾನ್ ನಿಜಾಮ್ ಶಾಹನಿಗೆ ಕೊಟ್ಟಾಗ ಈ ಕೋಟೆ ವರದಕ್ಷಿಣೆಯ ಮಾತಿಗೆ ಬಂತು. ಮಾತು ನಡೆಯಲಿಲ್ಲ, ದಶಕಗಳ ಕಾಲ ಯುದ್ಧ ನಡೆಯಿತು. ಸುಮಾರು 1660ರಲ್ಲಿ ಬಿಜಾಪುರದ ಕಲಾವಿದನೊಬ್ಬ ಬರೆದ ಚಿತ್ರದಲ್ಲಿ ಎರಡನೆಯ ಅಲಿ ಆದಿಲ್ ಶಾಹ ಹುಲಿಗೆ ಬಾಣ ಹೂಡಿದ್ದಾನೆ. ಆ ಹೊತ್ತಿಗೆ ಕೋವಿ, ತೋಪು ದಕ್ಷಿಣದಲ್ಲಿ ಮನೆಮಾತಾಗಿದ್ದವು. ಆದರೂ ಸುಲ್ತಾನ ತನ್ನನ್ನು ಬಿಲ್ಲು ಹಿಡಿದೇ ಬರೆಸಿಕೊಂಡ. ಬಂದೂಕು ಹಾರಿಸಲು ಕಲಿಯುವುದಕ್ಕೆ ವಾರಗಳು ಸಾಕು. ಬಿಲ್ಲಿಗೆ ವರ್ಷಗಳು ಬೇಕು. ಅಷ್ಟು ಬಿಡುವು ಇದ್ದವನೇ ದೊರೆ.

ಬಂದೂಕು ಬಿಲ್ಲನ್ನು ಕೊಂದಿತು ಎನ್ನುವುದು ಅರ್ಧ ಸತ್ಯ. ಉಳಿದರ್ಧ ಕಾನೂನಿನದು. 1857ರ ನವೆಂಬರಿನಲ್ಲಿ ಹಲಗಲಿಯ ಬೇಡರು ಹತ್ಯಾರು ಒಪ್ಪಿಸಲಾರೆವು ಎಂದು ಎದ್ದದ್ದು, ಊರನ್ನೇ ಸುಟ್ಟು ಅವರನ್ನು ಅಡಗಿಸಿದ್ದು ಲಾವಣಿಯಾಗಿ ನಮ್ಮಲ್ಲಿ ಉಳಿದಿದೆ. ಇಪ್ಪತ್ತೊಂದು ವರ್ಷದ ನಂತರ, 1878ರಲ್ಲಿ, ಇಡೀ ಬ್ರಿಟಿಷ್ ಭಾರತಕ್ಕೆ ಆಯುಧ ಕಾಯ್ದೆ ಬಂತು. ಅದು ಹೇಳುವ ಆಯುಧಗಳಲ್ಲಿ ಬಂದೂಕು, ಕತ್ತಿ, ಭರ್ಚಿಗಳ ಜೊತೆಗೆ ಬಿಲ್ಲು-ಬಾಣವೂ ಇತ್ತು. ಇಲ್ಲಿನ ಗರಡಿಯಾದ ತಾಲೀಮಿನ ಮೂಲೆಯಲ್ಲಿ ಮಲ್ಲಕಂಬದ ಪಕ್ಕ ನೇತಾಡುತ್ತಿದ್ದ ಸರಪಳಿಯ ಬಿಲ್ಲು ಮಾತ್ರ ಯಾವ ಕಾಯ್ದೆಗೂ ಸಿಗುವಂಥದ್ದಲ್ಲ. ಅದರಿಂದ ಯಾರಿಗೂ ಹೊಡೆಯುವಂತಿಲ್ಲ. ಹತ್ಯಾರು ಹೋಗಿ ಅದರ ಅಭ್ಯಾಸವಷ್ಟೇ ಉಳಿಯಿತು. ಗುರಿ ಇಲ್ಲದ ಅಭ್ಯಾಸಕ್ಕೆ ತಾಳ ಸಿಕ್ಕಿದ್ದು ಸಹಜವೇ.

ತಾಲೀಮಿನ ಹುಡುಗರು ಬೀದಿಗಿಳಿದದ್ದು ಉತ್ಸವಗಳ ಬೆನ್ನು ಹತ್ತಿ. ಸಾರ್ವಜನಿಕ ಗಣೇಶೋತ್ಸವಕ್ಕೆ 1893ರ ಪುಣೆಯ ಲೆಕ್ಕ ಹೇಳುತ್ತೇವೆ. ತಮ್ಮ ಆಜೋಬಾ ಗಣಪತಿ 1885ರದು, ಟಿಳಕರು ಅದನ್ನು ನೋಡಿಯೇ ಮುಂದುವರಿದರು ಎಂದು ಸೊಲ್ಲಾಪುರದವರ ಅಭಿಮಾನ. ಬೀದಿಯಲ್ಲಿ ತಾಸುಗಟ್ಟಲೆ ಆಡಲು ಭಾರದ ಬಿಲ್ಲು ನಡೆಯುವುದಿಲ್ಲ. ಬಗ್ಗುವ ಬಿಲ್ಲು ನೆಟ್ಟಗಿನ ದಂಡವಾಯಿತು, ಉದ್ದ ಕುಗ್ಗಿತು, ತೂಕ ಒಂದು ಕಿಲೋ ಒಳಗೆ ಬಂತು, ಬಿಲ್ಲೆಗಳು ಹೆಚ್ಚಾದವು. ಹಳ್ಳಿಗಳ ಘಾಟಿ ಲೇಜಿಮ್ ಒಂದು ಬಗೆ, ಶಾಲೆಯ ಕವಾಯತಿನದು ಇನ್ನೊಂದು. ಶಾಲೆಯಲ್ಲಿ ಪಿ.ಟಿ. ಮಾಸ್ತರರು ಕೂಗುವ ವರಸೆಗಳು ಇಂದಿಗೂ ಹಿಂದೂಸ್ತಾನಿಯವೇ: ಚಾರ್ ಆವಾಜ್, ಏಕ್ ಜಗಾ, ಆದಿ ಲಗಾವ್, ಪವಿತ್ರಾ, ದೋ ರುಖ್. ಮಾಧ್ಯಮ ಕನ್ನಡವಿರಲಿ ಮರಾಠಿಯಿರಲಿ, ಹೆಸರು ಬದಲಾಗುವುದಿಲ್ಲ. ಮೇಳ ಒಂದಾಗಿ ಎಡಗಾಲು ಮುಂದಿಟ್ಟು ಸರಪಳಿ ಎಳೆದು ನಿಲ್ಲುವ ಕ್ಷಣವಿದೆಯಲ್ಲ, ಅಲ್ಲಿ ಬಿಲ್ಲುಗಾರನ ನಿಲುವು ಇದ್ದಕ್ಕಿದ್ದಂತೆ ಮೇಲೆದ್ದು ಬರುತ್ತದೆ. ಮರುಕ್ಷಣ ಕುಣಿತದಲ್ಲಿ ಕರಗುತ್ತದೆ.

2025ರ ಆರಂಭದಲ್ಲಿ ‘ಛಾವಾ’ ಚಿತ್ರದ ಟ್ರೇಲರಿನಲ್ಲಿ ಸಂಭಾಜಿ ಮಹಾರಾಜರು ಲೇಜಿಮ್ ಆಡುವುದನ್ನು ತೋರಿಸಿದಾಗ ದೊಡ್ಡ ಗದ್ದಲವಾಯಿತು. ರಾಜನಾದವನು ಹೀಗೆ ಕುಣಿಯುವುದೇ ಎಂಬ ಆಕ್ಷೇಪಕ್ಕೆ ಮಣಿದು ನಿರ್ದೇಶಕರು ಆ ದೃಶ್ಯವನ್ನೇ ತೆಗೆದರು. ಇಂದಿನ ಮಿರವಣಿಗೆಯ ಕುಣಿತವನ್ನು ಹದಿನೇಳನೆಯ ಶತಮಾನಕ್ಕೆ ಅಂಟಿಸಿದ್ದು ಸರಿಯಲ್ಲ, ಒಪ್ಪೋಣ. ಆದರೆ ಲೇಜಿಮ್ ಹಿಡಿಯುವುದು ದೊರೆಗೆ ಕುಂದು ಎಂದವರು ಅದರ ಹುಟ್ಟನ್ನು ಕೇಳಿಕೊಂಡಿರಲಿಲ್ಲ. ಸಿಪಾಯಿಯ ಕೈಯಲ್ಲೇ ಬೆಳೆದ ಸಾಧನ ಅದು.

ಹಾಗೆಂದು ಲೇಜಿಮ್ ಆಡಿದವನಿಗೆ ನಾಳೆ ಬಿಲ್ಲು ಕೊಟ್ಟರೆ ಬಾಣ ಗುರಿಗೆ ಹೋಗುತ್ತದೆಂದು ಯಾರೂ ತಿಳಿಯಬೇಕಾಗಿಲ್ಲ. ಹಿಡಿಕೆ ಬಂದಾಗಲೇ ಹೆಬ್ಬೆರಳಿನ ಕೊಕ್ಕೆ ಹೋಯಿತು, ಈಗಿನದು ಪೂರ್ತಿ ಮುಷ್ಟಿ. ಕಣ್ಣಿಗೂ ಕೆಲಸವಿಲ್ಲ. ಉಳಿದಿರುವುದು ಭುಜ ಮತ್ತು ಬೆನ್ನಿನ ಚಲನೆ ಮಾತ್ರ.

ಕಣ್ಣಿನ ಕೆಲಸ ಈಗ ಬೇರೆ ಕಡೆ ನಡೆದಿದೆ. 1972ರ ವನ್ಯಜೀವಿ ಕಾಯ್ದೆಯ ನಂತರ ಚಿಗರಿಯ ಮೇಲೆ ಬಾಣ ಎತ್ತುವುದೆಂದರೆ ನೇರ ಜೈಲು. ಬಿಲ್ಲುಗಾರರಿಗೆ ಉಳಿದದ್ದು ಕಾಗದದ ಗುರಿ: ಒಲಿಂಪಿಕ್ಸಿನ ರಿಕರ್ವ್ ಬಿಲ್ಲಿಗೆ 70 ಮೀಟರ್ ದೂರದಲ್ಲಿ 122 ಸೆಂಟಿಮೀಟರ್ ಅಗಲದ್ದು, ಕಾಂಪೌಂಡ್ ಬಿಲ್ಲಿಗೆ 50 ಮೀಟರ್ ದೂರದಲ್ಲಿ 80 ಸೆಂಟಿಮೀಟರಿನದು. ಬಿದಿರಿನ ಬಿಲ್ಲಿನವರಿಗೆ ದೇಶದೊಳಗೆ 30 ಮತ್ತು 50 ಮೀಟರಿನ ಇಂಡಿಯನ್ ರೌಂಡ್ ಇದೆ. ಸೊಲ್ಲಾಪುರದ ಪಕ್ಕದ ಸಾತಾರಾ ಜಿಲ್ಲೆಯ ಅದಿತಿ ಸ್ವಾಮಿ 2023ರ ಆಗಸ್ಟಿನಲ್ಲಿ ಬರ್ಲಿನ್ನಿನಲ್ಲಿ ಕಾಂಪೌಂಡ್ ವಿಶ್ವ ಚಾಂಪಿಯನ್ ಆದಾಗ ಆಕೆಗೆ 17 ವರ್ಷ. ಆಮೇಲೆ ಬಿಲ್ಲುಗಾರಿಕೆ ಕಲಿಸಿ ಎಂದು ಮಕ್ಕಳನ್ನು ಕರೆತರುವ ತಂದೆತಾಯಿಗಳು ಈ ಕಡೆಯೂ ಕಾಣುತ್ತಾರೆ. ಮೊದಲ ದಿನ ಹೋದವರಿಗೆ ಸ್ವಲ್ಪ ನಿರಾಸೆಯೇ ಆಗುತ್ತದೆ. ಮಕ್ಕಳ ಕೈಗೆ ಕೊಡುವುದು ಒಂದು ರಬ್ಬರ್ ಪಟ್ಟಿ. ಎಡಗೈ ಚಾಚಿ, ಬಲಗೈ ಗದ್ದದವರೆಗೆ ಎಳೆದು, ಹತ್ತು ಎಣಿಸಿ, ನಿಧಾನಕ್ಕೆ ಹಿಂದೆ ತರಬೇಕು, ಬಿಡುವಂತಿಲ್ಲ. ಅದು ನಡುಗದೆ ಬರುವವರೆಗೂ ಬಾಣದ ಮಾತಿಲ್ಲ.